ಡಬ್ಬು ಹಾಕಿದ ಗಡಿಗೆಗಳು

ಹೋದ ವಾರ ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಮುಚ್ಚದೆ ಹಟ ಹಿಡಿಯಿತು. ಮೇಲಿನ ಖಾನೆಯಲ್ಲಿ ಬರ್ಫ ಬೆಳೆದು ಬೆಳೆದು ಹೊರಗೆ ಮೂತಿ ಚಾಚಿತ್ತು. ನಾನು ಸೌಟಿನ ಹಿಡಿಕೆಯಿಂದ ಅದನ್ನು ಕುಟ್ಟುತ್ತ ನಿಂತಾಗ ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಬಂದು ಇಣುಕಿದರು. ಒಳಗಿನಿಂದ ಹೊರಬಿದ್ದ ಪೊಟ್ಟಣಗಳು ಒಂದೆರಡಲ್ಲ. ಯಾವುದೋ ಮದುವೆಯ ಹೋಳಿಗೆ, ಯಾವಾಗಲೋ ಸುಲಿದಿಟ್ಟ ಅವರೆಕಾಳು, ಕಲ್ಲಾಗಿ ಹೋದ ಕೊಬ್ಬರಿ ತುರಿ. ಒಂದು ಕಂದು ಗಡ್ಡೆಯನ್ನು ನಾನು ಜಾಮೂನಿನ ಪಾಕವೆಂದೇ ನಂಬಿ ಬಹಳ ದಿನದಿಂದ ಕಾಪಾಡಿಕೊಂಡು ಬಂದಿದ್ದೆ. ಕರಗಿದ ಮೇಲೆ ನೆಕ್ಕಿ ನೋಡಿದರೆ ಅದು ಹುಣಸೆಹಣ್ಣಿನ ರಸ. "ಇದನ್ನ ನೋಡಾಕ ಟಿಕೀಟ ಇಡಬೇಕು ನೋಡು," ಎಂದು ಯಜಮಾನರು ಹೇಳಿ ಹೋದರು.

ನನಗೂ ರೋಷ ಬಂತು. ಇದೆಲ್ಲ ತೀರುವ ತನಕ ಪೇಟೆಯಿಂದ ಒಂದು ಕಡ್ಡಿಯನ್ನೂ ತರಕೂಡದೆಂದು ಮನೆಯಲ್ಲಿ ಸಾರಿಬಿಟ್ಟೆ. ಮೊದಲ ದಿನ ಅವರೆಕಾಳಿನ ಸಾರು ಚೆನ್ನಾಗಿತ್ತು. ಎರಡನೆಯ ದಿನ ಅದಕ್ಕೇ ಕೊಬ್ಬರಿ ಬಿದ್ದು ಬೇರೆ ಹೆಸರು ಬಂತು. ಮೂರನೆಯ ದಿನ ಸಂಜೆ ಯಜಮಾನರು ವಾಕಿಂಗಿಗೆಂದು ಹೋದವರು ಎಣ್ಣೆ ಇಳಿಯುವ ಪೊಟ್ಟಣವೊಂದನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಂದರು. ಮಿರ್ಚಿಭಜಿಯ ವಾಸನೆ ಮನೆಯೆಲ್ಲ ಹರಡಿತು. ಬಯ್ಯಬೇಕೆಂದು ಎದ್ದವಳು ತಟ್ಟೆ ತಂದು ಎದುರಿಗೆ ಕುಳಿತೆ. ಮೂರೇ ದಿನಕ್ಕೆ ನನ್ನ ವ್ರತ ಮುಗಿಯಿತು. ಭಜಿ ತಿನ್ನುತ್ತ ತಿನ್ನುತ್ತ ನನಗೆ ದಾಂಡೇಲಿಯ ನಮ್ಮ ಮನೆ ನೆನಪಾಯಿತು. ಅಲ್ಲಿ ನಮ್ಮವ್ವ ಒಂದು ಮಳೆಗಾಲ ಪೂರ್ತಿ ಇಂಥದ್ದೇ ವ್ರತ ಹಿಡಿದು ದಾಟಿದ್ದಳು. ಅವಳಿಗೆ ಅದು ರೋಷದ ಮಾತಾಗಿರಲಿಲ್ಲ.

ನಾವು ಮೂಲತಃ ನವಲಗುಂದದ ಕಡೆಯ ಎರೆನೆಲದವರು. ಅಜ್ಜನ ಹೊಲ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿ, ನಮ್ಮಪ್ಪನ ಪಾಲಿಗೆ ಎತ್ತು ತಿರುಗಿಸುವಷ್ಟೂ ಜಾಗ ಉಳಿಯಲಿಲ್ಲ. ಅಪ್ಪ ಅದನ್ನು ಅಣ್ಣಂದಿರಿಗೇ ಬಿಟ್ಟುಕೊಟ್ಟು ಅವ್ವನನ್ನೂ ಅಕ್ಕನನ್ನೂ ಕರೆದುಕೊಂಡು ದಾಂಡೇಲಿಗೆ ಬಂದ. ಕಾಗದದ ಕಾರ್ಖಾನೆಗೆ ಲಾರಿಗಳಲ್ಲಿ ಬರುವ ಬಿದಿರನ್ನು ಇಳಿಸಿ ಒಟ್ಟುವ ಕೆಲಸ ಸಿಕ್ಕಿತು. ಆಗಿನ್ನೂ ಖಾಯಂ ಆಗಿರಲಿಲ್ಲ. ನಾನೂ ನನ್ನ ತಮ್ಮನೂ ಹುಟ್ಟಿದ್ದು ಅಲ್ಲಿಯೇ, ಹೆಂಚಿನ ಸಾಲುಮನೆಯ ಎರಡು ಕೋಣೆಗಳಲ್ಲಿ. ಆದರೂ ಯಾರಾದರೂ "ನಿಮ್ಮ ಊರು ಯಾವುದು" ಎಂದರೆ ನಾವು ಕಣ್ಣಿನಿಂದ ಸರಿಯಾಗಿ ಕಾಣದ ಆ ಹಳ್ಳಿಯ ಹೆಸರನ್ನೇ ಹೇಳಬೇಕೆಂದು ಅಪ್ಪ ಕಲಿಸಿದ್ದ. ಇಲ್ಲಿ ಇರುವುದು ನಾಲ್ಕು ದಿನ, ಮುಂದೆ ಊರಿಗೆ ಹೋಗಿ ಯಾರದಾದರೂ ಹೊಲವನ್ನು ಪಾಲಿಗೆ ಮಾಡುವುದು ಎಂಬುದು ಅವನ ಮಾತು. ಆ ನಾಲ್ಕು ದಿನ ಮುಗಿದದ್ದನ್ನು ನಾವು ಯಾರೂ ಕಾಣಲಿಲ್ಲ.

ಅಪ್ಪ ದಾಂಡೇಲಿಯನ್ನು ಎಷ್ಟು ಕಡಿಮೆ ಅರಿತಿದ್ದನೆಂಬುದಕ್ಕೆ ಅವನು ತೋಡಿದ ಹಗೇವಿನ ಕಥೆಯೇ ಸಾಕು. ನಮ್ಮ ಎರೆನೆಲದ ಊರುಗಳಲ್ಲಿ ಜೋಳವನ್ನು ನೆಲದೊಳಗೆ ಹಗೇವು ತೋಡಿ, ಸುತ್ತ ಹುಲ್ಲು ಹಾಸಿ, ಮೇಲೆ ಮಣ್ಣು ಮುಚ್ಚಿ ಇಡುತ್ತಾರೆ. ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಬಂದ ಮೊದಲ ಬೇಸಿಗೆಯಲ್ಲಿ ಅಪ್ಪ ಊರಿನಿಂದ ಬಂದ ಜೋಳಕ್ಕೆಂದು ಹಿತ್ತಲಲ್ಲಿ ಅಂಥದ್ದೇ ಹಗೇವು ತೋಡತೊಡಗಿದ. ಪಕ್ಕದ ಮನೆಯ ಸಾವಿತ್ರಿಬಾಯಿ ಜೋಯಿಡಾ ಕಡೆಯ ಕೊಂಕಣಿ ಹೆಂಗಸು. ಅವರು ಬೇಲಿಯಿಂದ ಬಗ್ಗಿ ನೋಡಿ, "ಬಾವಿ ತೋಡುವುದಾ ನೀವು? ನೀರು ಇಲ್ಲೇ ಉಂಟು, ಕೈ ಹಾಕಿದರೆ ಸಿಗ್ತದೆ," ಎಂದರಂತೆ. ಅಪ್ಪ ನಕ್ಕು, ಈ ಕಾಡಿನವರಿಗೆ ಒಕ್ಕಲುತನ ಏನು ಗೊತ್ತು ಎಂದುಕೊಂಡ.

ಮಳೆ ಹಿಡಿಯಿತು. ಕಾಳಿ ನದಿಯ ದಂಡೆಯ ಮಳೆ ನಮ್ಮ ನವಲಗುಂದದ ಮಳೆಯಂತೆ ಬಂದು ಮಾತಾಡಿಸಿ ಹೋಗುವುದಲ್ಲ, ಬಂದರೆ ಮನೆಯವರಂತೆ ಇದ್ದುಬಿಡುತ್ತದೆ. ಹಗೇವು ತೆಗೆದ ದಿನ ಒಳಗಿನಿಂದ ಬೆಚ್ಚನೆಯ ಹುಳಿ ವಾಸನೆ ಬಂತಂತೆ. ಅರ್ಧ ಜೋಳ ಕೊಳೆತಿತ್ತು, ಉಳಿದರ್ಧ ಬಿಳಿ ಮೊಳಕೆ ಬಿಟ್ಟು ಕುಳಿತಿತ್ತು. ಸಾವಿತ್ರಿಬಾಯಿ ಮೊದಲು ನಕ್ಕರು, ಆಮೇಲೆ ತಾವೇ ಸೀರೆ ಎತ್ತಿ ಕಟ್ಟಿ ಬಂದು ಅವ್ವನ ಜೊತೆ ಕುಳಿತು ಆರಿಸಿದರು. ಮೊಳಕೆಯ ಕಾಳನ್ನು ಒಲೆಯ ಮೇಲೆ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಬೀಸಿ, ಅವ್ವ ಶ್ರಾವಣ ಮುಗಿಯುವ ತನಕ ಅಂಬಲಿ ಕಾಸಿದಳು. ಬಹಳ ರುಚಿಯಾಗಿತ್ತೆಂದು ಅಕ್ಕ ಹೇಳುತ್ತಿದ್ದಳು. ಅಪ್ಪ ಆ ತಗ್ಗಿನ ಕಡೆ ನೋಡದೆ ಓಡಾಡಿ, ಕೊನೆಗೆ ಅದರಲ್ಲಿ ಒಂದು ಬಾಳೆಗಿಡ ನೆಟ್ಟ. ಇಡೀ ಸಾಲಿನಲ್ಲಿ ಅಷ್ಟು ದೊಡ್ಡ ಗೊನೆ ಯಾರ ಹಿತ್ತಲಲ್ಲೂ ಬಿಡಲಿಲ್ಲ. ಅಂದಿನಿಂದ ನಮ್ಮ ಕಾಳುಕಡಿ ನೆಲ ಬಿಟ್ಟು ಒಲೆಯ ಮೇಲಿನ ಬಿದಿರಿನ ಅಟ್ಟ ಏರಿತು. ಹೊಗೆ ತಿಂದು ತಿಂದು ನಮ್ಮ ಗಡಿಗೆಗಳೆಲ್ಲ ಒಂದೇ ಬಣ್ಣವಾಗಿದ್ದವು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಮಳೆಗಾಲದ ಮೊದಲಲ್ಲಿ ಅಪ್ಪ ಹೊಳೆಗೆ ಇಳಿಯುವ ಪಾವಟಿಗೆಯಲ್ಲಿ ಪಾಚಿಗೆ ಜಾರಿ ಕಾಲು ಮುರಿದುಕೊಂಡ. ಹಳಿಯಾಳದಿಂದ ಎಲುಬು ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಬಿಗಿದ. ದಿನವೂ ಬಿದಿರು ಹೊರುವವನನ್ನು ಈಗ ಬಿದಿರು ಹೊತ್ತು ನಿಂತಿದೆ ಎಂದು ಅಪ್ಪನೇ ಮೊದಲ ದಿನ ಚೇಷ್ಟೆ ಮಾಡಿದ. ಎರಡನೆಯ ವಾರದ ಹೊತ್ತಿಗೆ ಚೇಷ್ಟೆ ನಿಂತಿತು. ಖಾಯಂ ಆಗದವರಿಗೆ ಕೆಲಸ ಮಾಡಿದ ದಿನವಷ್ಟೇ ಕೂಲಿ. ಹೊರಸಿನ ಮೇಲೆ ಕಾಲು ಚಾಚಿ ಮಲಗಿದ ಅಪ್ಪ ಮಾಡಿನ ಹೆಂಚು ನೋಡುತ್ತಿದ್ದ.

ಸುದ್ದಿ ತಿಳಿದು ಅವ್ವನ ತಮ್ಮ ಬಸಣ್ಣ ಮಾಮಾ ಊರಿನಿಂದ ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ರುಮಾಲಿನ ಒಂದು ತುದಿ ಯಾವಾಗಲೂ ಕಿವಿಯ ಮೇಲೆ. ಚಹಾ ಕುಡಿದು ಬಸಿ ಕೆಳಗಿಟ್ಟ ಮೇಲೆ ಅವನು ವಿಷಯಕ್ಕೆ ಬಂದ.

"ಶಾಂತಾನ್ನ ನಾ ಕರ್ಕೊಂಡ ಹೋಗ್ತೇನಿ ಅಕ್ಕಾ. ನಮ್ಮಾಕಿಗೂ ಕೈಗೊಬ್ರು ಆಗ್ತಾರ. ನಿಮಗೂ ಒಂದು ಊಟ ಕಡಿಮಿ."

ಶಾಂತಾ ಎಂದರೆ ನಮ್ಮಕ್ಕ. ಆಕೆ ಏಳನೆಯ ಇಯತ್ತೆ, ಆ ವರ್ಷ ಮುಲ್ಕಿ ಪರೀಕ್ಷೆಗೆ ಕೂಡುವವಳು. ಮುಲ್ಕಿ ಪಾಸಾದರೆ ಮಾಸ್ತರಕಿ ಕಲಿಯಲು ಹೋಗಬಹುದಿತ್ತು. ನಮ್ಮ ಸಾಲಿನಲ್ಲಿ ಅಷ್ಟು ದೂರ ಬಂದ ಹುಡುಗಿ ಬೇರೆ ಇರಲಿಲ್ಲ. ಮಾಮಾನ ಊರಲ್ಲಿ ನಾಲ್ಕನೆಯ ಇಯತ್ತೆಗೇ ಶಾಲೆ ಮುಗಿಯುತ್ತಿತ್ತು. ಅಲ್ಲಿಗೆ ಹೋದ ಹುಡುಗಿ ತಿರುಗಿ ಬರುವುದು ಕೊರಳಲ್ಲಿ ತಾಳಿ ಬಿದ್ದ ಮೇಲೆಯೇ ಎಂಬುದು ಮಾಮಾನಿಗೂ ಗೊತ್ತು, ಅವ್ವನಿಗೂ ಗೊತ್ತು. ಅಕ್ಕ ಬಾಗಿಲ ಮರೆಯಲ್ಲಿ ಪಾಟಿ, ಬಳಪ ಹಿಡಿದು ನಿಂತಿದ್ದಳು.

ಅವ್ವ ಅಟ್ಟದ ಕಡೆ ಒಮ್ಮೆ ನೋಡಿದಳು. "ಹಿಂಗಾರಿ ಬಿತ್ತಗಿ ಮುಂದ ನೀ ಹೆಂಗೂ ಬರ್ತಿ. ಆವಾಗಿನ ತನಕ ಮನ್ಯಾಗ ಇದ್ದದ್ರಾಗ ನಡಸ್ತೇನಿ. ಅಷ್ಟೊತ್ತಿಗೆ ಇವರ ಕಾಲು ಕೂಡ್ತೈತಿ. ನನ್ನ ಕೈಲಿ ಆಗಲಿಲ್ಲಂದ್ರ ಆವಾಗ ಕರ್ಕೊಂಡ ಹೋಗು."

"ಆಯ್ತು," ಎಂದು ಮಾಮಾ ಎದ್ದ.

ಮರುದಿನದಿಂದ ಅಡುಗೆಮನೆಯಲ್ಲಿ ಹೊಸ ಕಾನೂನು ಬಂತು. ಒಂದು ಗಡಿಗೆ ತಳ ಕಾಣುವ ತನಕ ಇನ್ನೊಂದರ ಬಾಯಿ ಬಿಚ್ಚುವಂತಿಲ್ಲ. ಖಾಲಿಯಾದ ಗಡಿಗೆಯನ್ನು ತೊಳೆದು, ಬಾಯಿ ಕೆಳಗೆ ಮಾಡಿ, ಗೋಡೆಗುಂಟ ಡಬ್ಬು ಹಾಕಬೇಕು. ಜೋಳ ಮಾತ್ರ ದಿನಕ್ಕಿಷ್ಟು ಎಂದು ಬೇರೆ. ಅದಕ್ಕೆ ಜೊತೆಯಾಗಿ ಹೆಸರು ತೀರಿ ಹುರಳಿ, ಹುರಳಿ ತೀರಿ ಮಡಿಕೆಕಾಳು, ಬೇಸಿಗೆಯಲ್ಲಿ ಒಣಗಿಸಿದ ಹಾಗಲಕಾಯಿ, ಬಾಳಕದ ಮೆಣಸಿನಕಾಯಿ, ಅಗಸಿ ಹಿಂಡಿ. ಎಲ್ಲ ಗಡಿಗೆಗಳ ತಳದಲ್ಲಿ ಉಳಿದ ಚೂರುಪಾರು ಕೂಡಿದಾಗ ಅವ್ವ ಅದನ್ನು ಒಟ್ಟಿಗೇ ಬೇಯಿಸುತ್ತಿದ್ದಳು. ಅಪ್ಪ ಅದಕ್ಕೆ ಪಂಚಾಯತಿ ಸಾರು ಎಂದು ಹೆಸರಿಟ್ಟಿದ್ದ. ಹೆಸರುಕಾಳು ಬೆಂದು ಕರಗಿದ್ದರೆ ಹುರಳಿ ಇನ್ನೂ ಒಪ್ಪಿಕೊಂಡೇ ಇರುತ್ತಿರಲಿಲ್ಲ. ನಿನ್ನೆಯ ರೊಟ್ಟಿ ಇವತ್ತು ಮುಟಗಿಯಾಗುತ್ತಿತ್ತು. ಬಳ್ಳೊಳ್ಳಿ, ಖಾರ, ಒಂದು ಚಮಚ ಎಣ್ಣೆ ಹಾಕಿ ರೊಟ್ಟಿಯನ್ನು ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿ ಕೊಡುತ್ತಿದ್ದಳು. ಮೊನ್ನೆಯ ರೊಟ್ಟಿ ಒಣಗಿ ಕಟಕಾದರೆ ಚೂರು ಮಾಡಿ ಒಗ್ಗರಣೆ. ಅದಕ್ಕೂ ಹಿಂದಿನದೇನಾದರೂ ಉಳಿದಿದ್ದರೆ ನಾನೂ ತಮ್ಮನೂ ಶಾಲೆಗೆ ಹೋಗುವಾಗ ಚಡ್ಡಿ, ಪರಕರದ ಕಿಸೆಯಲ್ಲಿ ಹಾಕಿಕೊಂಡು ಕಡಿಯುತ್ತಿದ್ದೆವು. ಹುಣಸೆ ಬೀಜಗಳನ್ನೂ ಹುರಿದು ಕೊಡುತ್ತಿದ್ದಳು. ಈಗ ನನಗಿರುವ ಹಲ್ಲುಗಳ ಸ್ಥಿತಿಗೆ ನಾನು ಆ ಬೀಜಗಳನ್ನೇ ದೂರುತ್ತೇನೆ, ದಂತವೈದ್ಯರು ಮಾತ್ರ ಬೇರೆ ಕಾರಣ ಹೇಳುತ್ತಾರೆ.

ತಾಟಿನಲ್ಲಿ ಅಗಳೂ ಬಿಡದೆ ಉಂಡು, ತಾಟು ತೊಳೆದ ನೀರನ್ನೂ ಕುಡಿಯುವುದು ನಮ್ಮ ಲಿಂಗವಂತರಲ್ಲಿ ಮೊದಲಿನಿಂದ ಇದ್ದದ್ದೇ. ಪ್ರಸಾದ ಕೆಡಿಸಬಾರದೆಂದು. ಸಾವಿತ್ರಿಬಾಯಿಯ ಮಗಳು ಒಮ್ಮೆ ನಮ್ಮ ಊಟದ ಹೊತ್ತಿಗೆ ಬಂದು ನೋಡಿ, ಇವರ ಮನೆಯಲ್ಲಿ ಕುಡಿಯಲು ಲೋಟ ಇಲ್ಲ ಎಂದು ಹೋಗಿ ಹೇಳಿದಳು. ಸಾವಿತ್ರಿಬಾಯಿ ಹಿತ್ತಾಳೆಯ ಎರಡು ಲೋಟ ಹಿಡಿದುಕೊಂಡು ಬಂದುಬಿಟ್ಟರು. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ಮಳೆಗಾಲದಲ್ಲಿ ಅವಳು ಹಾಗೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಸಾವಿತ್ರಿಬಾಯಿಗೆ ನಮ್ಮ ಡಬ್ಬು ಬಿದ್ದ ಗಡಿಗೆಗಳು ಕಾಣದೆ ಇರಲಿಲ್ಲ. ಅಕ್ಕಿ ತಂದರೆ ಅವ್ವ ತೆಗೆದುಕೊಳ್ಳುವವಳಲ್ಲ ಎಂದೂ ಅವರಿಗೆ ಗೊತ್ತಿತ್ತು. ಒಂದು ದಿನ ಕಳಲೆ ತಂದರು. "ಗುಡ್ಡದಲ್ಲಿ ಸುಮ್ಮನೆ ಆಗುವುದು, ಇದಕ್ಕೇನು. ನಿಮ್ಮ ಆ ಕಪ್ಪು ಚಟ್ನಿ ಸ್ವಲ್ಪ ಕೊಡಿ ಬಾಯಿ, ನಮ್ಮ ಮನೆಯವರಿಗೆ ಗಂಜಿಗೆ ಬೇಕಂತೆ." ಕಪ್ಪು ಚಟ್ನಿ ಎಂದರೆ ನಮ್ಮ ಗುರೆಳ್ಳು ಹಿಂಡಿ. ಅವ್ವ ಕೊಟ್ಟಳು, ಕಳಲೆ ಇಟ್ಟುಕೊಂಡಳು. ಬಿದಿರನ್ನು ತಿನ್ನುವುದು ಕಾರ್ಖಾನೆ ಮಾತ್ರ ಎಂದು ತಿಳಿದಿದ್ದ ನಾವು ಅಂದು ಮೊದಲ ಸಲ ಅದರ ಪಲ್ಯ ತಿಂದೆವು. ಅಪ್ಪ ಎರಡು ಸಲ ಹಾಕಿಸಿಕೊಂಡ.

ನನಗೂ ತಮ್ಮನಿಗೂ ಒಂದು ಗಡಿಗೆ ಡಬ್ಬು ಬಿದ್ದಿತೆಂದರೆ ಹಬ್ಬವೇ. ನಾಳೆಯಿಂದ ಹೊಸ ಗಡಿಗೆ, ಹೊಸ ರುಚಿ. ನಾವು ಆ ಗಡಿಗೆಗಳ ಮೇಲೆ ತಬಲಾ ಬಾರಿಸುತ್ತಿದ್ದೆವು. ಅಕ್ಕನ ಮುಖ ಮಾತ್ರ ಒಂದೊಂದು ಗಡಿಗೆಗೂ ಇಳಿಯುತ್ತಿತ್ತು. ಅವಳು ಬರುಬರುತ್ತ ಎರಡನೆಯ ರೊಟ್ಟಿ ಬೇಡ ಎನ್ನತೊಡಗಿದಳು. ಹಸಿವಿಲ್ಲ ಎನ್ನುತ್ತಿದ್ದಳು. ಅವ್ವ ಕೆಲವು ದಿನ ನೋಡಿ ಒಂದು ದಿನ ರೊಟ್ಟಿಯನ್ನು ತಾಟಿನಲ್ಲಿ ಹಾಕಿಯೇ ಬಿಟ್ಟಳು.

"ನೀ ಒಂದ ರೊಟ್ಟಿ ಬಿಟ್ರ ಗಡಿಗಿ ತುಂಬೂದಿಲ್ಲ. ಉಣ್ಣು. ಖಾಲಿ ಹೊಟ್ಟ್ಯಾಗ ಲೆಕ್ಕ ತಲಿಗೆ ಹತ್ತೂದಿಲ್ಲ."

ಅಕ್ಕ ತಲೆ ತಗ್ಗಿಸಿ ಉಂಡಳು. ಉಣ್ಣುತ್ತ ಅಳುತ್ತಿದ್ದಳೆಂದು ಪಕ್ಕದಲ್ಲಿದ್ದ ನನಗೆ ಮಾತ್ರ ಗೊತ್ತಾಯಿತು. ಅಂದಿನಿಂದ ನನಗೂ ಗಡಿಗೆ ಬಾರಿಸುವ ಉತ್ಸಾಹ ಹೋಯಿತು.

ಚೌತಿಯೂ ಮುಗಿಯಿತು. ಅಪ್ಪನ ದಬ್ಬೆ ಬಿಚ್ಚಿದ್ದರು. ಕೋಲು ಹಿಡಿದು ಹಿತ್ತಲ ತನಕ ನಡೆಯುತ್ತಿದ್ದ. ಮುಂದಿನ ಅಮಾವಾಸ್ಯೆ ಕಳೆದು ಕೆಲಸಕ್ಕೆ ಬಾ ಎಂದು ಕಾರ್ಖಾನೆಯ ಮುಕಾದಮ ಹೇಳಿ ಕಳಿಸಿದ್ದ. ಅಷ್ಟರಲ್ಲಿ ಜೋಳದ ಕೊನೆಯ ಗಡಿಗೆ ಡಬ್ಬು ಬಿತ್ತು. ಅಟ್ಟದ ಮೇಲೆ ಉಳಿದದ್ದು ಒಂದೇ ಒಂದು. ಅದರ ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಸೆಗಣಿ ಮೆತ್ತಿತ್ತು.

ಅದು ಬೀಜದ ಜೋಳ. ಹೊಲವೇ ಇಲ್ಲದ ನಮ್ಮ ಮನೆಯಲ್ಲಿ ಬೀಜದ ಜೋಳ ಏಕಿತ್ತು ಎಂದು ನೀವು ಕೇಳಬಹುದು. ಅದು ಅಜ್ಜನ ಕಾಲದಿಂದ ನಮ್ಮ ಮನೆತನದವರು ಕಾಯ್ದುಕೊಂಡು ಬಂದ ತಳಿ. ಊರು ಬಿಡುವಾಗ ಅಪ್ಪ ಹೊಲ ಬಿಟ್ಟ, ಬೀಜ ಬಿಡಲಿಲ್ಲ. ಬಿತ್ತದೆ ಇಟ್ಟ ಬೀಜ ಮೊಳಕೆಯ ಕಸುವು ಕಳೆದುಕೊಳ್ಳುತ್ತದೆಂದು ಅದನ್ನು ಬಸಣ್ಣ ಮಾಮಾ ತನ್ನ ಹೊಲದ ಒಂದು ಮಗ್ಗುಲಿಗೆ ಬೇರೆಯಾಗಿ ಬೆಳೆಯುತ್ತಿದ್ದ. ಪ್ರತಿವರ್ಷ ಹಿಂಗಾರಿ ಬಿತ್ತನೆಗೆ ಮೊದಲು ದಾಂಡೇಲಿಗೆ ಬಂದು, ಹಳೆಯದನ್ನು ಒಯ್ದು, ಅಷ್ಟೇ ಹೊಸ ಬೀಜ ಕೊಟ್ಟು ಹೋಗುತ್ತಿದ್ದ. ಅವ್ವ ಅದಕ್ಕೆ ಬೂದಿ, ಬೇವಿನೆಲೆಯ ಪುಡಿ ತಿಕ್ಕಿ ಗಡಿಗೆಗೆ ತುಂಬುತ್ತಿದ್ದಳು. ಅಪ್ಪ ಪ್ರತಿ ಅಮಾವಾಸ್ಯೆಗೆ ಆ ಗಡಿಗೆಗೆ ವಿಭೂತಿ ಹಚ್ಚುತ್ತಿದ್ದ. ಊರಿಗೆ ಹೋದ ದಿನವೇ ಬಿತ್ತಲು ಬೇಕಲ್ಲ. ಒಕ್ಕಲುತನದವರ ಮನೆಯಲ್ಲಿ ಎಂಥ ಹಸಿವಿದ್ದರೂ ಬೀಜಕ್ಕೆ ಕೈ ಹಾಕುವುದಿಲ್ಲ. ಬೀಜ ತಿಂದವನು ಮುಂದಿನ ವರ್ಷ ತಾನು ಹೊಲಕ್ಕೆ ಹೋಗುವುದಿಲ್ಲ ಎಂದು ತಾನೇ ಹೇಳಿದಂತೆ.

ಅಂದು ನನಗೆ ಶಾಲೆ ಇರಲಿಲ್ಲ. ಅವ್ವ ಮಧ್ಯಾಹ್ನ ಕಾಲುಮಣೆ ಇಟ್ಟು ಹತ್ತಿ ಆ ಗಡಿಗೆ ಇಳಿಸಿದಳು. ಹೊರಸಿನ ಮೇಲಿದ್ದ ಅಪ್ಪ ಎದ್ದು ಕುಳಿತ.

"ಅದು ಬೀಜದ್ದು," ಎಂದ.

"ಗೊತ್ತೈತ್ರಿ."

"ಮತ್ತ?"

ಅವ್ವ ಸೆಗಣಿಯ ಮುಚ್ಚಳ ಒಡೆಯುತ್ತಲೇ ಹೇಳಿದಳು. "ಇದನ್ನ ಬಿತ್ತೂ ಹೊಲಾ ಯಾವುದೈತಿ ಹೇಳ್ರಿ, ಹಂಗ ಮುಚ್ಚಿ ಮ್ಯಾಲ ಇಡ್ತೇನಿ. ಇಲ್ಲಂದ್ರ ಸುಮ್ಮನಿರ್ರಿ. ಹುಡುಗಿ ಸಾಲೀಂದ ಬರೂದ್ರಾಗ ರೊಟ್ಟಿ ಆಗಬೇಕು."

ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ಬೆನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಅವ್ವನ ಮೇಲೆ ಸಿಟ್ಟು ಬಂತು, ಸಿಟ್ಟು ಬರಬಾರದೆಂದೂ ಅನಿಸಿತು. ಅವ್ವ ಜೋಳವನ್ನು ನೀರು ಬದಲಿಸಿ ಬದಲಿಸಿ ತೊಳೆದಳು, ಒಲೆಯ ಬೂದಿಯ ಬಿಸಿಗೆ ಪರಾತ ಇಟ್ಟು ಆರಿಸಿದಳು, ಬೀಸುಕಲ್ಲಿಗೆ ಕುಳಿತಳು. ಬೀಸುವಾಗ ಅವಳು ಯಾವಾಗಲೂ ಹಾಡುವವಳು, ಅಂದು ಹಾಡಲಿಲ್ಲ. ಅಕ್ಕ ಶಾಲೆಯಿಂದ ಬಂದಳು, ಬಾಯಿ ತೆರೆದ ಗಡಿಗೆ ನೋಡಿದಳು, ಪಾಟಿ ಇಟ್ಟು ಅಲ್ಲಿಯೇ ಕುಳಿತುಬಿಟ್ಟಳು. ಅವ್ವ ಎಲ್ಲರಿಗಿಂತ ಮೊದಲು ಅಪ್ಪನ ತಾಟಿಗೆ ರೊಟ್ಟಿ ಹಾಕಿದಳು. ಅಪ್ಪ ಬಹಳ ಹೊತ್ತು ಅದನ್ನು ನೋಡಿ ಒಂದು ತುತ್ತು ಮುರಿದ.

"ಕಹಿ ಐತಿ," ಎಂದ.

"ಬೇವಿಂದ್ರಿ. ನಾಳೆ ಇನ್ನಷ್ಟ ತೊಳೀತೇನಿ."

ಅಪ್ಪ ಪೂರ್ತಿ ಉಂಡ. ಇನ್ನೊಂದು ರೊಟ್ಟಿಗೆ ತಾಟು ಮುಂದೆ ಸರಿಸಿದ.

ಬಸಣ್ಣ ಮಾಮಾ ಬಂದದ್ದು ಆ ವಾರದ ಕೊನೆಗೆ. ಹೆಗಲ ಮೇಲೆ ಹೊಸ ಬೀಜದ ಚೀಲ. ಗೋಡೆಗುಂಟ ಸಾಲಾಗಿ ಡಬ್ಬು ಬಿದ್ದ ಗಡಿಗೆಗಳನ್ನು ನೋಡಿ ಅವನಿಗೆ ಎಲ್ಲ ಅರ್ಥವಾದಂತಿತ್ತು. "ಶಾಂತಾಂದು ಅರಿಬಿ ಗಂಟ ಕಟ್ಟ ಅಕ್ಕಾ. ಸಂಜೀ ಬಸ್ಸಿಗೆ ಹೋಗೂಣು," ಎಂದ. ಅವ್ವ, "ಮೊದಲ ಊಟಾ ಮಾಡು," ಎಂದಳು. ಅಕ್ಕ ಅವನಿಗೆ ನೀರು ಕೊಟ್ಟು ಒಳಗೆ ಹೋಗಿ ನಿಂತಳು. ನಾನು ಅವಳ ಕೈ ಹಿಡಿದೆ.

ಮಾಮಾ ಹಸಿದಿದ್ದ, ಎರಡು ರೊಟ್ಟಿ ಸುಮ್ಮನೆ ಉಂಡ. ಮೂರನೆಯದನ್ನು ಮುರಿಯುವಾಗ ಕೇಳಿದ. "ಜ್ವಾಳ ನಮ್ಮ ಕಡೇದ ಇದ್ದಂಗೈತಿ. ಒಂದಿಷ್ಟ ಕಹಿ, ಖರೇ ಆದರ ಹಿಟ್ಟ ಬಾಳ ಚಲೋ ಐತಿ. ಇಲ್ಲಿ ಎಲ್ಲಿ ಸಿಕ್ತಿದು?"

ಅವ್ವ ಅವನ ಮುಂದೆ ನೀರಿನ ತಂಬಿಗೆ ಸರಿಸಿದಳು. ಅವನು ತಾಟು ತೊಳೆದು ಕುಡಿದು, ಬಾಯಿ ಒರೆಸಿಕೊಂಡು, ಅಟ್ಟದ ಕಡೆ ಮುಖ ಎತ್ತಿದ. "ಬೀಜದ ಗಡಿಗಿ ಇಳಸ ಅಕ್ಕಾ, ಬದಲಿ ಮಾಡಿಬಿಡ್ತೇನಿ."

"ಈಗ ಉಂಡೆಲ್ಲೋ ತಮ್ಮಾ," ಎಂದಳು ಅವ್ವ.

ಮಾಮಾನ ಕೈ ರುಮಾಲಿನ ತುದಿ ಹಿಡಿದದ್ದು ಅಲ್ಲಿಯೇ ನಿಂತಿತು. ಅವನು ಖಾಲಿ ತಾಟು ನೋಡಿದ, ಅಪ್ಪನನ್ನು ನೋಡಿದ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಅವನು, ಬೀಜ ಉಂಡೆನೆಂದು ತಿಳಿದು ಅವನ ಮುಖ ಬಿಳುಪಾಗಿತ್ತು.

ಅಪ್ಪ ಕೋಲು ಊರಿ ಎದ್ದು ನಿಂತ. "ಎಲ್ಲಾರೂ ಉಂಡೀವಿ ಬಸಣ್ಣ. ಅಮಾಸಿ ಕಳದ ಮ್ಯಾಲ ನಾ ಕೆಲಸಕ್ಕ ಹೋಗ್ತೇನಿ. ಶಾಂತಾ ಎಲ್ಲಿಗೂ ಬರೂದಿಲ್ಲ. ಆಕಿ ಮುಲ್ಕಿಗೆ ಕೂಡ್ತಾಳ. ನಾವು ಇಲ್ಲೇ ಇರಾವ್ರು."

ಅಪ್ಪನ ಬಾಯಿಂದ "ಇಲ್ಲೇ" ಎಂಬ ಮಾತು ನಾವು ಅಂದು ಮೊದಲ ಸಲ ಕೇಳಿದೆವು. ಒಳಗೆ ಅಕ್ಕ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಮಾಮಾ ತನ್ನ ಚೀಲವನ್ನು ಮುಂದಕ್ಕೆ ಎಳೆದು ಅದರ ಬಾಯಿಯ ದಾರ ಬಿಚ್ಚತೊಡಗಿದ. ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದ.

"ಶಾಂತಾ, ಮರಾ ತಗೊಂಡ ಬಾರವ್ವಾ," ಎಂದು ಕರೆದ. ಅಕ್ಕ ಮೊರ ತಂದು ಅವನ ಮುಂದೆ ಇಟ್ಟಳು. ಮಾಮಾ ಬಿಳಿಯ ಜೋಳವನ್ನು ಅದರಲ್ಲಿ ಮೆಲ್ಲಗೆ ಸುರಿದ.

"ಇದನ್ನೂ ಬೀಸ್ಕೋರಿ," ಎಂದ. "ಇನ್ನಾ ಬೂದಿ ಬೇವು ಹಚ್ಚಿಲ್ಲ. ಕಹಿ ಆಗೂದಿಲ್ಲ."

ಸಂಜೆಯ ಬಸ್ಸಿಗೆ ಅವನು ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ಹೋದ.